ರಕ್ತದಾನಿಗಳ ಪಟ್ಟಿ: ಮೊಬೈಲ್ ನಂಬರ್ ಜಾಗದಲ್ಲಿ ‘ಬಿ ಪಾಸಿಟಿವ್’ ಯಾಕೆ?

ಕಲಬುರಗಿ ಜಿಲ್ಲೆಯ ರಕ್ತದಾನಿಗಳ ಪಟ್ಟಿಯೊಂದು ನಿಮ್ಮ ವಾಟ್ಸ್‌ಆ್ಯಪ್‌ಗೆ ಬಂದಿದೆ ಎಂದುಕೊಳ್ಳಿ. ಕೆಲವು ಸಾಲುಗಳಲ್ಲಿ ಮೊಬೈಲ್ ನಂಬರ್ ಇರಬೇಕಾದ ಕಡೆ ‘ಬಿ ಪಾಸಿಟಿವ್’ ಎಂದಿದೆ. ಪಟ್ಟಿ ನಕಲಿಯೇ? ಇರಲೂಬಹುದು. ಆದರೆ ಮೊದಲು ಅಲ್ಪವಿರಾಮಗಳನ್ನು ಎಣಿಸಿ.

ಇಂಥ ಪಟ್ಟಿ ಸಿಎಸ್‌ವಿ ಫೈಲ್‌ನಿಂದ ಬಂದಿದ್ದರೆ, ಅದರಲ್ಲಿ ಗೆರೆ, ಚೌಕ ಏನೂ ಇರುವುದಿಲ್ಲ. ಅಲ್ಪವಿರಾಮ ಬಂದರೆ ಮುಂದಿನ ಕಾಲಂ ಶುರು, ಅಷ್ಟೇ. ಹೆಸರು, ಊರು, ಬ್ಲಡ್ ಗ್ರೂಪ್, ಮೊಬೈಲ್ ಎಂಬ ನಾಲ್ಕು ಕಾಲಂಗೆ ಮೂರು ಅಲ್ಪವಿರಾಮ ಸಾಕು. ಯಾರೋ ಊರಿನ ಜಾಗದಲ್ಲಿ ‘ಕಮಲಾಪುರ, ಕಲಬುರಗಿ’ ಎಂದು ಬರೆದರೆ ನಾಲ್ಕಾಗುತ್ತವೆ. (ಹಂಪಿ ಪಕ್ಕದಲ್ಲೂ ಒಂದು ಕಮಲಾಪುರ ಇದೆಯಲ್ಲ, ಜಿಲ್ಲೆ ಬರೆದವರದ್ದು ತಪ್ಪಲ್ಲ.) ಆ ಸಾಲು ಒಂದು ಮನೆ ಮುಂದಕ್ಕೆ ಸರಿದು, ನಂಬರ್ ಐದನೇ ಕಾಲಂಗೆ ಬೀಳುತ್ತದೆ. ಸ್ಕ್ರೀನ್‌ಶಾಟ್‌ನಲ್ಲಿ ಅದು ಕಾಣದೇ ಹೋಗಬಹುದು.

ಕೈಯಲ್ಲಿ ತಿದ್ದಲು ಹೋದರೆ ಒಬ್ಬರ ನಂಬರ್ ಇನ್ನೊಬ್ಬರ ಪಾಲಾದೀತು. ಪೈಥಾನ್‌ನಲ್ಲಿ ಹತ್ತು ಸಾಲಿನ ಸ್ಕ್ರಿಪ್ಟ್ ಸಾಕು. ಅದರೊಳಗಿನ ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂದರೆ, ಪದವನ್ನಲ್ಲ, ಪದದ ಆಕಾರವನ್ನು ಹೇಳಿ ಹುಡುಕಿಸುವ ಸೂತ್ರ. ಇಲ್ಲಿ ಹೇಳಬೇಕಾದ್ದು ಇಷ್ಟು: ಮೊದಲ ಅಲ್ಪವಿರಾಮದ ತನಕ ಹೆಸರು, ಸಾಲಿನ ಕೊನೆಯಲ್ಲಿ 6, 7, 8 ಅಥವಾ 9ರಿಂದ ಶುರುವಾಗುವ 10 ಅಂಕಿ ಮೊಬೈಲ್, ಅದರ ಹಿಂದಿನದು ಬ್ಲಡ್ ಗ್ರೂಪ್, ನಡುವೆ ಉಳಿದದ್ದೆಲ್ಲ ಊರು. ಹೀಗೆ ಬಿಡಿಸಿ, ನಡುನಡುವೆ ಟ್ಯಾಬ್ ಹಾಕಿ ಬರೆದರೆ ಕಾಲಂಗಳು ಸರಿಹೋಗುತ್ತವೆ. ಸೂತ್ರಕ್ಕೆ ಹೊಂದದ ಸಾಲುಗಳನ್ನು ಅಳಿಸದೆ ಬೇರೆ ಇಡಬೇಕು. ಕಲಬುರಗಿಯ 08472ರಿಂದ ಶುರುವಾಗುವ ಲ್ಯಾಂಡ್‌ಲೈನ್ ಕೊಟ್ಟವರು ಅಲ್ಲಿ ಸಿಗುತ್ತಾರೆ.

ಸೂತ್ರ ನೋಡುವುದು ಆಕಾರವನ್ನಷ್ಟೇ. ಆ ನಂಬರ್ ಈಗಲೂ ಅವರದ್ದೇ ಎಂಬುದು ಕರೆ ಮಾಡಿದರೆ ಮಾತ್ರ ಗೊತ್ತಾಗುತ್ತದೆ. ತುರ್ತು ಇದ್ದರೆ ಕೇಂದ್ರ ಸರ್ಕಾರದ ಇ-ರಕ್ತಕೋಶ ಜಾಲತಾಣದಲ್ಲಿ ಜಿಲ್ಲೆ ಆಯ್ದುಕೊಂಡು, ಯಾವ ರಕ್ತನಿಧಿಯಲ್ಲಿ ಯಾವ ಗುಂಪಿನ ರಕ್ತವಿದೆ ಎಂದು ನೋಡಬಹುದು.