ಕೊಪಣದ ನೆಲದಲ್ಲಿ 'ಕ್ಯಾಂಪ್'ಗಳು: ಗಂಗಾವತಿ ಭಾಗದ ವಲಸೆ ರೈತರ ಊರುಗಳು

ಕೊಪ್ಪಳವು ಜೈನರ ಪ್ರಾಚೀನ ಕೊಪಣ ತೀರ್ಥ. ಇಲ್ಲಿನ ಪಾಲ್ಕಿಗುಂಡಿನಲ್ಲಿ ಜಟಾಸಿಂಹನಂದಿ ಆಚಾರ್ಯರ ಪಾದಗಳಿವೆ. ಅವುಗಳನ್ನು ಚಾವಯ್ಯ ಎಂಬವನು ಮಾಡಿಸಿದನೆಂದು ಅಲ್ಲಿನ ಶಾಸನ ತಿಳಿಸುತ್ತದೆ. ಪಾದಗಳ ದರ್ಶನ ಪಡೆದು ಗಂಗಾವತಿ, ಕಾರಟಗಿ ಕಡೆಗೆ ಹೊರಟ ಯಾತ್ರಿಕರಿಗೆ ಭತ್ತದ ಗದ್ದೆಗಳ ನಡುವೆ 'ಕ್ಯಾಂಪ್' ಎಂಬ ಹೆಸರಿನ ಊರುಗಳು ಸಿಗುತ್ತವೆ. ಅಲ್ಲಿ ತೆಲುಗು ಮನೆಮಾತು, ಕನ್ನಡ ಸಂತೆಯ ಮಾತು.

ಈ ಊರುಗಳಿಗೆ ಮೂಲ ತುಂಗಭದ್ರಾ ಅಣೆಕಟ್ಟು. 1945ರಲ್ಲಿ ಕೆಲಸ ಆರಂಭವಾಗಿ 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಮುನಿರಾಬಾದಿನಿಂದ ಹೊರಡುವ ಎಡದಂಡೆ ಕಾಲುವೆ ಸುಮಾರು 227 ಕಿ.ಮೀ. ಉದ್ದವಿದೆ. ಜೋಳ, ಸಜ್ಜೆ ಬೆಳೆಯುತ್ತಿದ್ದ ಸ್ಥಳೀಯ ರೈತರಿಗೆ ನೀರಾವರಿ ಹೊಸದು. ನೆಲ ಸಮ ಮಾಡಲು ಕೈಯಲ್ಲಿ ಹಣವೂ ಇರಲಿಲ್ಲ. ಆಗ ಕೃಷ್ಣಾ, ಗೋದಾವರಿ, ಗುಂಟೂರು ಕಡೆಯ ರೈತರು ತಮ್ಮೂರಿನ ತುಂಡು ಜಮೀನನ್ನು ಒಳ್ಳೆಯ ಬೆಲೆಗೆ ಮಾರಿ, ಇಲ್ಲಿ ಅದೇ ಹಣಕ್ಕೆ ಹಲವು ಪಟ್ಟು ಹೊಲ ಕೊಂಡರು. ಮುಳ್ಳುಕಂಟಿ ಕಡಿದು, ಹೊಲದ ಬದಿಯಲ್ಲೇ ಗುಡಿಸಲು ಹಾಕಿಕೊಂಡರು. ಆ ಬಿಡಾರಗಳೇ ಕ್ಯಾಂಪ್‌ಗಳಾದವು. ಶ್ರೀರಾಮನಗರದಂಥವು ದೊಡ್ಡ ಊರುಗಳಾಗಿ ಬೆಳೆದವು. ಗಂಗಾವತಿಗೆ 'ಭತ್ತದ ಕಣಜ' ಎಂಬ ಹೆಸರು ಬಂದಿತು.

ಈ ಸಮೃದ್ಧಿಗೆ ಬೆಲೆಯೂ ಇದೆ. ಯೋಜನೆಯಲ್ಲಿ ಹೆಚ್ಚಿನ ಪ್ರದೇಶ ಕಡಿಮೆ ನೀರಿನ ಬೆಳೆಗಳಿಗೆ ಮೀಸಲಾಗಿತ್ತು. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹರಡಿದಂತೆ ಕೆಳಭಾಗದ ಮಾನ್ವಿ, ರಾಯಚೂರಿನ ಹೊಲಗಳಿಗೆ ನೀರು ಸಾಲದಾಯಿತು. ನೀರು ನಿಂತ ಕಡೆ ಮಣ್ಣು ಸವುಳಾಯಿತು. ಕೊಂಡವರ ಹೊಲ ಗದ್ದೆಯಾದಾಗ, ಮಾರಿದ ಕೆಲವರು ಅದೇ ನೆಲದಲ್ಲಿ ಕೂಲಿಗೆ ನಿಂತರು. ಕಾಲುವೆ ತಲುಪದ ಕುಷ್ಟಗಿ, ಯಲಬುರ್ಗಾ ಇಂದಿಗೂ ಬಹುಪಾಲು ಮಳೆಯನ್ನೇ ನಂಬಿವೆ. ಬರ ಬಂದರೆ ಜನ ಗುಳೆ ಹೋಗುತ್ತಾರೆ. ಒಂದೇ ಜಿಲ್ಲೆಗೆ ಒಂದು ಕಡೆ ರೈತರು ವಲಸೆ ಬಂದರು, ಇನ್ನೊಂದು ಕಡೆಯಿಂದ ವಲಸೆ ಹೋಗುತ್ತಾರೆ.

ಜೈನ ಸಮಾಜಕ್ಕೆ ಇಂಥ ವಲಸೆ ಹೊಸದಲ್ಲ. ಕರ್ನಾಟಕದಿಂದ ವಯನಾಡಿಗೆ ಹೋದ ಜೈನ ಕೃಷಿಕರು ಅಲ್ಲಿ ಗದ್ದೆ, ಕಾಫಿ ತೋಟ ಮಾಡಿ ನೆಲೆ ನಿಂತರು. ಕಲ್ಪೆಟ್ಟ ಬಳಿಯ ಪುಳಿಯಾರ್‌ಮಲೆಯ ಅನಂತನಾಥ ಬಸದಿ ಆ ಸಮಾಜದ ಆಧಾರ. ಕ್ಯಾಂಪ್‌ಗಳವರೂ ಹೊಲದ ಜೊತೆಗೇ ದೇವಸ್ಥಾನ, ಶಾಲೆ ಕಟ್ಟಿಕೊಂಡರು.

ಕ್ಯಾಂಪ್‌ಗಳಲ್ಲಿ ಹುಟ್ಟಿದ ಪೀಳಿಗೆಗೆ ಈಗ ಇದೇ ಸ್ವಂತ ಊರು. ಕೊಪಣದ ಬಂಡೆ, ಪಾದ, ಶಾಸನಗಳು ಉಳಿಯುವುದು ದೂರದಿಂದ ಬರುವ ಯಾತ್ರಿಕರಿಂದ ಮಾತ್ರವಲ್ಲ, ಇಲ್ಲಿ ಬಾಳುವ ಎಲ್ಲರಿಂದ. ಆದ್ದರಿಂದ ಕೊಪಣದ ಕಥೆ ಈ ಊರುಗಳ ಮಕ್ಕಳಿಗೂ ತಲುಪಬೇಕು.