ತಲೆಯ ಒಳಪೆಟ್ಟು, ಶಾಲೆಗೆ ಮರಳುವ ದಾರಿ

ಮಳೆಗಾಲ ಹಿಡಿದರೆ ಕೊಟ್ಟಿಗೆಹಾರದಲ್ಲಿ ಅಂಗಳಕ್ಕೆಲ್ಲ ಅಡಕೆ ಸೋಗೆ ಹಾಸುತ್ತೇವೆ, ಪಾಚಿಯಲ್ಲಿ ಯಾರೂ ಜಾರದಿರಲಿ ಅಂತ. ನನ್ನ ಮಗ ಜಾರಿದ್ದು ಸೋಗೆ ಇಲ್ಲದ ಹಿತ್ತಲ ಮೆಟ್ಟಿಲಲ್ಲಿ. ಹಿಂದಲೆ ಕಲ್ಲಿಗೆ ಬಡಿಯಿತು. ರಕ್ತ ಬರಲಿಲ್ಲ, ಪ್ರಜ್ಞೆಯೂ ತಪ್ಪಲಿಲ್ಲ. ಒಂಬತ್ತನೇ ಕ್ಲಾಸಿನ ಹುಡುಗ ಎದ್ದು ಕೂತು, "ಅಮ್ಮ, ಇವತ್ತು ಯಾವ ವಾರ?" ಅಂತ ಮತ್ತೆ ಮತ್ತೆ ಕೇಳಿದ. ಆಮೇಲೆ ವಾಂತಿ ಶುರುವಾಯಿತು. ಮೂಡಿಗೆರೆಯಲ್ಲಿ ತೋರಿಸಿ, ಅಲ್ಲಿಂದ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಕರೆದೊಯ್ದೆವು. ಸಿಟಿ ಸ್ಕ್ಯಾನ್ ನಾರ್ಮಲ್ ಬಂತು. ಡಾಕ್ಟರು ಮಾತ್ರ "ಇದು ಕಂಕಷನ್" ಅಂದರು.

ಸ್ಕ್ಯಾನಿನಲ್ಲಿ ಕಾಣುವುದು ರಕ್ತಸ್ರಾವ, ಮೂಳೆ ಬಿರುಕು. ಕಂಕಷನ್ ಅದರಲ್ಲಿ ಕಾಣದು, ಅದೆಂದರೆ ಮಿದುಳು ಕುಲುಕಿ ಅದರ ಕೆಲಸ ಏರುಪೇರಾಗುವುದು. ಜೀವಕೋಶಗಳ ಒಳಗಿನ ಪೊಟ್ಯಾಸಿಯಂ ಹೊರಗೆ ಹೋಗುತ್ತದೆ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಅದನ್ನು ಸರಿಮಾಡಿಕೊಳ್ಳಲು ಮಿದುಳಿಗೆ ಹೆಚ್ಚು ಶಕ್ತಿ ಬೇಕು. ಅದೇ ಹೊತ್ತಿಗೆ ರಕ್ತದ ಹರಿವು ತಗ್ಗಿರುತ್ತದೆ. ತಲೆನೋವು, ಮಂಕು, ಬೆಳಕು-ಸದ್ದು ಸಹಿಸಲಾಗದ್ದು, ಓದಿದ್ದು ನಿಲ್ಲದಿರುವುದು, ಸುಮ್ಮಸುಮ್ಮನೆ ಅಳು, ಎಲ್ಲ ಇದರಿಂದಲೇ.

ಕಂಕಷನ್ ಅಂದಾಗ ಕ್ರಿಕೆಟ್ ನೋಡುವವರಿಗೆ ಒಂದು ಪಂದ್ಯ ನೆನಪಿರಬೇಕು. 2020ರ ಡಿಸೆಂಬರ್ 4, ಕ್ಯಾನ್‌ಬೆರಾ. ಆಸ್ಟ್ರೇಲಿಯಾದ ಸ್ಟಾರ್ಕ್ ಎಸೆದ ಚೆಂಡು ಭಾರತದ ಜಡೇಜಾ ಹೆಲ್ಮೆಟ್ಟಿಗೆ ಬಡಿಯಿತು. ಅವರು ಆಟ ಮುಂದುವರಿಸಿದರು, ಆದರೆ ಫೀಲ್ಡಿಂಗಿಗೆ ಇಳಿಯಲಿಲ್ಲ. ಬದಲಿಗೆ ಬಂದ ಚಹಲ್ ಮೂರು ವಿಕೆಟ್ ತೆಗೆದರು. ಕಂಕಷನ್ ಆದಾಗ ಇಂಥ ಬದಲಿ ಆಟಗಾರನಿಗೆ ಐಸಿಸಿ ಅವಕಾಶ ಕೊಟ್ಟಿದ್ದು 2019ರ ಆಗಸ್ಟ್‌ನಿಂದ. ದೊಡ್ಡ ಆಟಗಾರನಿಗೆ ಸಿಗುವ ಈ ರಿಯಾಯಿತಿ ನಮ್ಮ ಹೈಸ್ಕೂಲಿನ ಮಕ್ಕಳಿಗೂ ಸಿಗಬೇಕು.

ನೆರೆಮನೆಯವರು ರಾತ್ರಿಯಿಡೀ ಮಲಗಲು ಬಿಡಬೇಡಿ ಎಂದರು. ಆದರೆ ಡಾಕ್ಟರು ನೋಡಿ ಅಪಾಯವಿಲ್ಲ ಅಂದಮೇಲೆ ನಿದ್ದೆಯೇ ಔಷಧಿ. ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿಸುವುದೂ ಈಗ ಹಳೆಯ ಮಾತು. ಮೊದಲ ಒಂದೆರಡು ದಿನ ವಿಶ್ರಾಂತಿ, ಮೊಬೈಲು ಆದಷ್ಟು ಕಡಿಮೆ. ಆಮೇಲೆ ಮನೆ ಸುತ್ತ ನಿಧಾನ ನಡಿಗೆ, ಚೂರುಪಾರು ಓದು. ತಲೆನೋವು ಜೋರಾದರೆ ಅಲ್ಲಿಗೇ ನಿಲ್ಲಿಸಬೇಕು.

ನಿಜವಾದ ಕಷ್ಟ ಶಾಲೆಯಲ್ಲಿ. ಬಣಕಲ್ ಕಡೆಗೆ ಹೋಗುವ ಬಸ್ಸಿನ ಕುಲುಕಾಟ, ತಗಡಿನ ಮಾಡಿನ ಮೇಲೆ ಆಷಾಢದ ಮಳೆ, ಅದರ ಮೇಲೆ ಕೂಗಿ ಪಾಠ ಮಾಡುವ ಮೇಷ್ಟ್ರು. ಮಗನಿಗೆ ತಲೆ ಸಿಡಿದು ಹೋಗುತ್ತಿತ್ತು. ತಲೆಗೆ ಪಟ್ಟಿ ಇಲ್ಲ, ಕೈಗೆ ಬ್ಯಾಂಡೇಜಿಲ್ಲ, ಹಾಗಾಗಿ "ನೆಪ ಹೇಳ್ತಾನೆ" ಎಂದವರೂ ಇದ್ದರು. ಅವನ ಕ್ಲಾಸ್ ಟೀಚರು ಹಾಗೆ ಅನ್ನಲಿಲ್ಲ. ಮೊದಲು ಮಧ್ಯಾಹ್ನದವರೆಗೆ ಮಾತ್ರ ಬರಲು ಹೇಳಿದರು. ನೋಟ್ಸ್ ಬರೆಯುವ ಬದಲು ಗೆಳೆಯನ ಪುಸ್ತಕದ ಜೆರಾಕ್ಸ್ ಕೊಡಿಸಿದರು, ಟೆಸ್ಟ್ ಮುಂದಕ್ಕೆ ಹಾಕಿದರು, ಸುಸ್ತಾದರೆ ಸ್ಟಾಫ್ ರೂಮಿನ ಬೆಂಚಿನಲ್ಲಿ ಒರಗಲು ಬಿಟ್ಟರು. ಖರ್ಚಿಲ್ಲದ ಕೆಲಸ ಇವೆಲ್ಲ. ಅವನು ಚೇತರಿಸಿಕೊಂಡಿದ್ದು ಮಾತ್ರೆಗಿಂತ ಹೆಚ್ಚಾಗಿ ಇದರಿಂದ ಎಂದೇ ನಾನು ನಂಬಿದ್ದೇನೆ.

ಹೆಚ್ಚಿನ ಮಕ್ಕಳು ನಾಲ್ಕು ವಾರದೊಳಗೆ ಸರಿಹೋಗುತ್ತಾರೆ. ಕಬಡ್ಡಿ, ವಾಲಿಬಾಲ್ ಎಲ್ಲ ಕೊನೆಗೆ. ಪೂರ್ತಿ ದಿನದ ಶಾಲೆ ತೊಂದರೆಯಿಲ್ಲದೆ ನಡೆದು, ಡಾಕ್ಟರು ಒಪ್ಪಿದ ಮೇಲೆಯೇ ಮೈದಾನ. ಮಾಯುವ ಮೊದಲೇ ಇನ್ನೊಂದು ಪೆಟ್ಟು ಬಿದ್ದರೆ ಮಿದುಳು ಊದಿಕೊಂಡು ಜೀವಕ್ಕೇ ಕುತ್ತು ಬರಬಹುದು.

ಘಟ್ಟದ ತಂದೆತಾಯಿಯರಿಗೆ ನನ್ನದೊಂದು ಮನವಿ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ದಾರಿ ಬಂದ್ ಆಗಿತ್ತು. ನಮಗೆ ದೊಡ್ಡ ಆಸ್ಪತ್ರೆ ಯಾವತ್ತೂ ದೂರವೇ. ತಲೆಗೆ ಪೆಟ್ಟಾದ ಮಗು ಪದೇ ಪದೇ ವಾಂತಿ ಮಾಡಿದರೆ, ಎಬ್ಬಿಸಿದರೂ ಏಳದಿದ್ದರೆ, ಮಾತು ತೊದಲಿದರೆ, ಕೈಕಾಲು ಸೋತರೆ, ಫಿಟ್ಸ್ ಬಂದರೆ, ಕಿವಿ ಅಥವಾ ಮೂಗಿನಿಂದ ನೀರಿನಂಥದ್ದು ಸೋರಿದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಮಳೆ ಬಿಡಲಿ, ಬೆಳಗಾಗಲಿ ಅಂತ ಕಾಯಬೇಡಿ.