ಐಸ್ ಇಲ್ಲದ ಊರಲ್ಲಿ ಐಸ್ ಸ್ಕೇಟಿಂಗ್!

ಹಾವೇರಿಯಲ್ಲಿ ಐಸ್ ಸ್ಕೇಟಿಂಗ್ ಅಂದ್ರೆ ನೀವು ನಗ್ತೀರಿ. ನಗಲೇಬೇಕು ಬಿಡಿ. ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ಘಾಟಿಗೆ ಸೀನುತ್ತಾ ಬೆಳೆಯುವ ಮಕ್ಕಳಿಗೆ ಐಸ್ ಅಂದ್ರೆ ಜಾತ್ರೆಯ ಐಸ್ ಕ್ಯಾಂಡಿ. ಆದರೆ ನಾನು ಕೇಳೋದು ಬೇರೆ ಪ್ರಶ್ನೆ: ಐಸ್ ಸ್ಕೇಟಿಂಗ್ ಕಲಿಯೋದು ಪೂರ್ತಿ ಐಸ್ ಮೇಲೇನಾ?

ಅಲ್ಲ. ದೊಡ್ಡ ದೊಡ್ಡ ಸ್ಕೇಟರ್‌ಗಳು ಕೂಡ ದಿನದ ಒಂದಷ್ಟು ಹೊತ್ತು ಬೆವರು ಸುರಿಸೋದು ನೆಲದ ಮೇಲೆ. ಯಾಕೆ ಅಂತ ಹೇಳ್ತೀನಿ. ನಾನು ಓದಿದ್ದು ಇಂಜಿನಿಯರಿಂಗ್, ಹಾಗಾಗಿ ಸ್ವಲ್ಪ ಲೆಕ್ಕ ಬರುತ್ತೆ, ಸಹಿಸಿಕೊಳ್ಳಿ.

ನಾವು ನಡೆಯುವಾಗ ಪಾದ ನೆಲವನ್ನು ಹಿಂದಕ್ಕೆ ತಳ್ಳುತ್ತೆ. ಐಸ್ ಮೇಲೆ ಅದು ನಡೆಯೋಲ್ಲ. ಬ್ಲೇಡು ಉದ್ದಕ್ಕೆ ಜಾರುತ್ತೆ, ಅಡ್ಡಕ್ಕೆ ಮಾತ್ರ ಕಚ್ಚುತ್ತೆ. ಹಾಗಾಗಿ ಸ್ಕೇಟರ್ ಪಕ್ಕಕ್ಕೇ ತಳ್ಳಬೇಕು. ಮಂಡಿ ಎಷ್ಟು ಬಗ್ಗುತ್ತೋ ತಳ್ಳು ಅಷ್ಟು ಉದ್ದ, ವೇಗ ಅಷ್ಟು ಹೆಚ್ಚು. ಈ ಶಕ್ತಿ ಬರೋದು ತೊಡೆ, ಸೊಂಟ, ಹರಡಿನಿಂದ. ಅದಕ್ಕೆ ಐಸ್ ಯಾಕೆ ಬೇಕು? ನಮ್ಮ ಗರಡಿ ಮನೆಗಳ ಬಸ್ಕಿಯೇ ಇದರ ಮೊದಲ ಪಾಠ. ವ್ಯತ್ಯಾಸ ಇಷ್ಟೇ: ಸ್ಕೇಟರ್ ಜಾರುವಾಗ ಹೆಚ್ಚಿನ ಹೊತ್ತು ಒಂದೇ ಕಾಲ ಮೇಲಿರ್ತಾನೆ, ಹಾಗಾಗಿ ಒಂಟಿಗಾಲಲ್ಲಿ ಬಸ್ಕಿ, ಒಂಟಿಗಾಲಲ್ಲಿ ಸಮತೋಲನ. ಮಂಡಿ ಒಳಕ್ಕೆ ವಾಲಬಾರದು, ಪಾದದ ನೇರಕ್ಕೇ ಇರಬೇಕು. ಆಮೇಲೆ ಸ್ಲೈಡ್ ಬೋರ್ಡ್. ಅಂದ್ರೆ ನುಣುಪಾದ ಒಂದು ಹಲಗೆ, ಎರಡೂ ತುದಿಗೆ ತಡೆ, ಕಾಲಿಗೆ ಸಾಕ್ಸು. ಬಗ್ಗಿ ನಿಂತು ಆ ಕಡೆಯಿಂದ ಈ ಕಡೆಗೆ ಜಾರೋದು, ಅಷ್ಟೇ.

ಇನ್ನು ಗಾಳಿಯಲ್ಲಿ ತಿರುಗೋದು. ಅಮೆರಿಕದ ಇಲಿಯಾ ಮಲಿನಿನ್ 2022ರಲ್ಲಿ ಸ್ಪರ್ಧೆಯೊಂದರಲ್ಲಿ ಗಾಳಿಯಲ್ಲೇ ನಾಲ್ಕೂವರೆ ಸುತ್ತು ತಿರುಗಿ ಇಳಿದ. ಮೊಟ್ಟಮೊದಲ ಬಾರಿಗೆ! ಮನುಷ್ಯ 60 ಸೆಂಟಿಮೀಟರ್ ಹಾರಿದರೆ ಗಾಳಿಯಲ್ಲಿ ಸಿಗೋದು ಬರೀ 0.7 ಸೆಕೆಂಡ್. ಆ ಸಮಯ ಎರಡರಷ್ಟಾಗಬೇಕಾದ್ರೆ ನಾಲ್ಕರಷ್ಟು ಎತ್ತರ ಹಾರಬೇಕು, ಅದು ಆಗದ ಮಾತು. ಹಾಗಾದ್ರೆ ದಾರಿ ಒಂದೇ: ಕೈ ಎದೆಗೆ ಬಿಗಿದು ಬೇಗ ತಿರುಗೋದು. ನಂಬಿಕೆ ಇಲ್ವಾ? ಆಫೀಸಿನ ತಿರುಗುವ ಕುರ್ಚಿಯಲ್ಲಿ ಕೈ ಚಾಚಿ ಸುತ್ತಿ, ಆಮೇಲೆ ಕೈ ಮಡಚಿ ನೋಡಿ. ಈ ಹಾರು, ತಿರುಗು, ಒಂಟಿಗಾಲಲ್ಲಿ ಇಳಿದು ನಿಲ್ಲು ಅನ್ನೋದನ್ನೆಲ್ಲ ಮೊದಲು ಕಲಿಸೋದು ನೆಲದ ಮೇಲೇ.

ಮೂರನೆಯದು ಚಕ್ರ. ಎರಿನ್ ಜಾಕ್ಸನ್ ಬೆಳೆದದ್ದು ಬಿಸಿಲಿನ ಫ್ಲೋರಿಡಾದಲ್ಲಿ, ಇನ್‌ಲೈನ್ ಸ್ಕೇಟ್ ಮೇಲೆ. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಐಸ್ ಮೇಲೆ 500 ಮೀಟರ್ ಚಿನ್ನ ಗೆದ್ದಳು. ನಮ್ಮ ಶಿವ ಕೇಶವನ್ ಆಟ ಬೇರೆ, ಹಿಮಬಂಡಿಯ ಲೂಜ್. ಆದರೆ ಹಟ ಅದೇ. ಬಂಡಿಗೆ ಚಕ್ರ ಕಟ್ಟಿ ಹಿಮಾಲಯದ ಡಾಂಬರು ರಸ್ತೆಯಲ್ಲಿ ಅಭ್ಯಾಸ ಮಾಡಿ ಆರು ಒಲಿಂಪಿಕ್ಸ್ ಆಡಿದರು. ತಮಿಳುನಾಡಿನ ಆನಂದಕುಮಾರ್ ವೇಲ್‌ಕುಮಾರ್ 2025ರಲ್ಲಿ ಚಕ್ರದ ಸ್ಪೀಡ್ ಸ್ಕೇಟಿಂಗ್‌ನಲ್ಲಿ ವಿಶ್ವ ಚಾಂಪಿಯನ್ ಆದರು. ತಮಿಳುನಾಡಿನಲ್ಲಿ ಹಿಮ ಬೀಳುತ್ತಾ?

ಹಾಗಂತ ಸುಳ್ಳು ಆಸೆ ಹುಟ್ಟಿಸೋಲ್ಲ. ಬ್ಲೇಡಿನ ಅಂಚು ಐಸನ್ನು ಕಚ್ಚುವ ಆ ಅನುಭವ ಐಸ್ ಮೇಲೇ ಸಿಗಬೇಕು. ಅದಕ್ಕೆ ಶಿಮ್ಲಾ, ಲೇಹ್, ಡೆಹ್ರಾಡೂನ್‌ವರೆಗೆ ಹೋಗಬೇಕು. ಡೆಹ್ರಾಡೂನ್ ರಿಂಕ್ ಕಟ್ಟಿದ್ದು 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆ. ಆಮೇಲೆ ವರ್ಷಗಟ್ಟಲೆ ಬೀಗ! ಮತ್ತೆ ತೆರೆದದ್ದು 2025ರಲ್ಲಿ. ಕೋಟಿ ಸುರಿದು ಕಟ್ಟೋದು, ಫೋಟೋ ತೆಗೆಸೋದು, ಬೀಗ ಹಾಕೋದು. ಇದು ನಮಗೆ ಹೊಸದಲ್ಲ.

ನಾನು ಹಾವೇರಿಗೆ ಐಸ್ ರಿಂಕ್ ಕೇಳ್ತಿಲ್ಲ ಸ್ವಾಮಿ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಲ್ಲಿ ಗುಂಡಿಯಿಲ್ಲದ ಒಂದೊಂದು ಸಿಮೆಂಟ್ ಅಂಗಳ, ವಿಷಯ ಗೊತ್ತಿರುವ ಒಬ್ಬೊಬ್ಬ ದೈಹಿಕ ಶಿಕ್ಷಕ, ಮಕ್ಕಳ ತಲೆಗೆ ಹೆಲ್ಮೆಟ್, ಮಂಡಿಗೆ ಪ್ಯಾಡ್. ಇಷ್ಟೇ. ಅದಿಲ್ಲದಿದ್ದರೆ ಚಕ್ರ ಕಟ್ಟಿಕೊಂಡ ಮಗು ಹೆದ್ದಾರಿಯ ಸರ್ವೀಸ್ ರಸ್ತೆಗೆ ಇಳಿಯುತ್ತೆ, ಪಕ್ಕದಲ್ಲೇ ಲಾರಿ ಹೋಗ್ತಿರುತ್ತೆ.

ಐಸ್ ಇಲ್ಲ ಅನ್ನೋದು ಹವಾಮಾನ. ಅಂಗಳ ಇಲ್ಲ ಅನ್ನೋದು ಮಾತ್ರ ನಮ್ಮ ಆಡಳಿತ. ಮೊದಲನೆಯದಕ್ಕೆ ಯಾರನ್ನೂ ಕೇಳೋಕಾಗಲ್ಲ. ಎರಡನೆಯದಕ್ಕೆ ಕೇಳಲೇಬೇಕು.